ನಾಕು ಬೋಲ್ಟಿಗೆ ಎಷ್ಟು ಅಂಜಿಕಿ?

ಉಳವಪ್ಪ: ಸಾಕು ಅಂದ್ರ ಸಾಕು! ನಾಕು ಬೋಲ್ಟು ಧಾರಾಳ ಸಾಕು.

ರಾಜಶ್ರೀ: ಮಾವಾರ, ನೀವು ಹೇಳೂದು ಖರೇ ಐತ್ರಿ. ಆದ್ರ ಸಾಲೂದಿಲ್ರಿ.

ಉಳವಪ್ಪ: ಖರೇ ಐತಿ ಅಂತಿ, ಸಾಲೂದಿಲ್ಲ ಅಂತಿ. ಎರಡರಾಗ ಒಂದು ಹೇಳು.

ರಾಜಶ್ರೀ: ಖರೇ ಅಂದದ್ದು ನಿಮ್ಮ ಹಿರಿತನಕ್ಕರಿ. ಸಾಲೂದಿಲ್ಲ ಅಂದದ್ದು ಬೋಲ್ಟಿಗೆ.

ಡಾಕಪ್ಪ: ನನಗೇನು ಹೇಳ್ತೀರಿ? ನಾಳೆ ಮುಂಜಾನಿ ಆರಕ್ಕ ನಮ್ಮ ಟ್ರೇಲರ್ ಕಬ್ಬಿನ ಹೊಲದಾಗ ನಿಂತಿರಬೇಕ್ರಿ!

ಹಳಿಯಾಳದಲ್ಲಿ ದಾಂಡೇಲಿ ರಸ್ತೆಗೆ ಹತ್ತಿಕೊಂಡಿರುವ ಉಳವಪ್ಪನವರ ವರ್ಕ್‌ಶಾಪಿನಲ್ಲಿ ಈ ಮಾತು ಬೆಳಗಿನ ಚಹಾಕ್ಕೆ ಶುರುವಾಗಿ ಮಧ್ಯಾಹ್ನದ ಚಹಾದವರೆಗೆ ಬಂದಿತ್ತು. ನಾನು ಇದನ್ನೆಲ್ಲ ಹೇಗೆ ಬಲ್ಲೆ ಎಂದರೆ, ನನ್ನ ಮನೆಯ ಗೇಟು ನಾಲ್ಕು ದಿನದಿಂದ ಅವರ ಗೋಡೆಗೆ ಒರಗಿ ನಿಂತಿದೆ. ಅದರ ಕೀಲು ಮುರಿದಿದೆ. ಅದನ್ನು ವಿಚಾರಿಸಲು ಹೋದವನನ್ನು ಸ್ಟೂಲಿನ ಮೇಲೆ ಕೂಡಿಸಿ ಮರೆತಿದ್ದರು.

ಉಳವಪ್ಪನವರು ದಾಂಡೇಲಿಯ ಕಾಗದದ ಗಿರಣಿಯಲ್ಲಿ ಮೂವತ್ತೊಂದು ವರ್ಷ ದುಡಿದು ಫೋರ್ಮನ್ ಆಗಿ ನಿವೃತ್ತರಾದವರು. ಬಂಗೂರನಗರದ ಕ್ವಾರ್ಟರ್ಸ್ ಬಿಟ್ಟು ಬರುವಾಗ ಒಂದು ಗೋಡೆ ಗಡಿಯಾರ, ಒಂದು ಶಾಲು ಮತ್ತು ‘ನಾ ಹಾಕಿದ ಬೋಲ್ಟು ಒಂದೂ ಮುರದಿಲ್ಲ’ ಎಂಬ ಮಾತನ್ನು ತಂದರು. ಗಡಿಯಾರ ನಿಂತಿದೆ, ಶಾಲು ಕಪಾಟಿನಲ್ಲಿದೆ, ಮಾತು ಮಾತ್ರ ದಿನವೂ ಹೊರಗೆ ಬರುತ್ತದೆ. ಸೊಸೆ ರಾಜಶ್ರೀ ಯಂತ್ರಗಳ ವಿನ್ಯಾಸದಲ್ಲಿ ಎಂ.ಟೆಕ್ ಮಾಡಿದವಳು, ಮದುವೆಯಾಗಿ ಬಂದು ಏಳು ತಿಂಗಳು. ಮಾವನ ಮಾತಿಗೆ ಎದುರು ಹೇಳುವ ಮುನ್ನ ಹೆಗಲ ಮೇಲಿನ ವೇಲ್ ಸರಿಪಡಿಸಿಕೊಳ್ಳುತ್ತಾಳೆ. ಆ ದಿನ ಮಧ್ಯಾಹ್ನದೊಳಗೆ ಆ ವೇಲ್ ಸವೆದು ಹೋಗುವಷ್ಟು ಸರಿಯಾಗಿತ್ತು. ಇನ್ನು ಗಂಡ ಕಿರಣಕುಮಾರ. ಅಪ್ಪ ಮತ್ತು ಹೆಂಡತಿ ಲೆಕ್ಕಕ್ಕೆ ಕುಳಿತರೆ ಅವನಿಗೆ ಹುಬ್ಬಳ್ಳಿಯಿಂದ ಬೇರಿಂಗ್ ತರುವುದು ನೆನಪಾಗುತ್ತದೆ. ಅಂದೂ ನೆನಪಾಗಿತ್ತು.

ಗಿರಾಕಿ ಡಾಕಪ್ಪ ಮುಂಡಗೋಡದ ಕಡೆಯ ಪಾಳಾ ಎಂಬ ಊರಿನವನು. ಟ್ರ್ಯಾಕ್ಟರ್ ಇಟ್ಟುಕೊಂಡು ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುತ್ತಾನೆ. ಮೊನ್ನೆ ಏರಿನಲ್ಲಿ, ಟ್ರೇಲರನ್ನು ಟ್ರ್ಯಾಕ್ಟರಿಗೆ ಜೋಡಿಸುವ ಹುಕ್ಕಿನ ಪ್ಲೇಟು ಮುರಿದು ಬೋಲ್ಟು ಸಮೇತ ಕಿತ್ತುಬಂದು, ಟ್ರೇಲರು ಕಬ್ಬಿನೊಂದಿಗೆ ಹಿಂದಕ್ಕೆ ಉರುಳಿತ್ತು. ಕಬ್ಬಿನ ಮೇಲೆ ಅವನ ಹೆಂಡತಿ ಧರ್ಮಿಬಾಯಿ ಕುಳಿತಿದ್ದಳು. ರಸ್ತೆ ಬದಿಯ ಗೊಬ್ಬರದ ತಿಪ್ಪೆಯೊಂದು ಅಡ್ಡ ಬಂದದ್ದರಿಂದ ಬದುಕಿದಳು. ಈಗ ಅವಳು ಹೊರಗೆ ಬೇವಿನ ನೆರಳಿನಲ್ಲಿ ಕುಳಿತು ಕಬ್ಬು ಕಡಿಯುವ ಕೊಯ್ತಾ ಮಸೆಯುತ್ತಿದ್ದಳು. ಸರ್ ಸರ್ ಎಂಬ ಆ ಸದ್ದು ಒಳಗಿನ ಮಾತಿನ ಕೆಳಗೆ ಒಂದೇ ಸಮನೆ ಕೇಳುತ್ತಿತ್ತು.

ಉಳವಪ್ಪ: ಇಲ್ಲಿ ನೋಡು. ಕೈಯಿಂದ ಮಾಡಿದ ಲೆಕ್ಕ. ಕರೆಂಟ್ ಬ್ಯಾಡ, ಚಾರ್ಜರ್ ಬ್ಯಾಡ.

ಅವರು ಮುಂದೆ ಚಾಚಿದ್ದು ಒಂದು ಲಗ್ನಪತ್ರ. ಮುಂದಿನ ಪುಟದಲ್ಲಿ ವಧು ವರರ ಹೆಸರು, ಹಿಂದಿನ ಪುಟದಲ್ಲಿ ಬೋಲ್ಟಿನ ಲೆಕ್ಕ. ಎರಡೂ ಕಡೆ ಜೋಡಣೆಯದೇ ವಿಷಯವಾದ್ದರಿಂದ ನನಗೇನೂ ತಪ್ಪು ಕಾಣಲಿಲ್ಲ.

ಉಳವಪ್ಪ: ಟ್ರೇಲರ್ ತುಂಬಿದ್ರ ಹತ್ತು ಟನ್ನು. ಏರಿನಾಗ ಗುಂಡ್ಯಾಗ ಬಿದ್ದು ಎದ್ದು ಜಗ್ಗಿದ್ರ ನಾಕು ಟನ್ನಿನ ಜಗ್ಗಾಟ. ಒಂದು ಬೋಲ್ಟು ಐದು ಟನ್ ತಡೀತೈತಿ. ನಾಕು ಬೋಲ್ಟು ಇಪ್ಪತ್ತು ತಡೀತಾವ. ಬೇಕಾಗಿದ್ದು ನಾಕು, ಇರೂದು ಇಪ್ಪತ್ತು. ಅಂಜಿಕಿ ಐದು!

ಡಾಕಪ್ಪ: ಯಾರಿಗ್ರಿ ಅಂಜಿಕಿ?

ಉಳವಪ್ಪ: ಲೆಕ್ಕಕ್ಕ. ಬೇಕಾದ್ದಕ್ಕಿಂತ ಎಷ್ಟು ಪಟ್ಟು ಗಟ್ಟಿ ಮಾಡ್ತೀವಿ, ಅದು ಅಂಜಿಕಿ. ಗಿರಣ್ಯಾಗ ನಮ್ಮ ದೊಡ್ಡ ಸಾಹೇಬ್ರು ಕಾಯಂ ಹೇಳೂರು. ಸಾಮಾನು ಹೊರೂದಕ್ಕ ಅಂಜಿಕಿ ಮೂರು, ಮ್ಯಾಲ ಮನಷ್ಯಾ ಕುಂತ್ರ ಅಂಜಿಕಿ ಐದು.

ರಾಜಶ್ರೀ: ಪುಸ್ತಕದಾಗ ಅದಕ್ಕ ಸುರಕ್ಷತಾ ಗುಣಾಂಕ ಅಂತಾರ್ರಿ, ಮಾವಾರ.

ಉಳವಪ್ಪ: ಪುಸ್ತಕ ಬರದವರು ಅಂಜಿದ್ದಿಲ್ಲ ಅಂತ ಆತು.

ಡಾಕಪ್ಪ: ಐದು ಅಂಜಿಕಿ ಅಂದ್ರ ಬಾಳ ಆತಲ್ರಿ. ಹಂಗಾದ್ರ ಕೆಲಸ ಸುರು ಮಾಡ್ರಿ.

ರಾಜಶ್ರೀ: ಸ್ವಲ್ಪ ತಡೀರಿ. ನಾನೂ ಇದನ್ನ ಕಂಪ್ಯೂಟರಿನ್ಯಾಗ ಹಾಕಿ ನೋಡೇನಿ.

ಅವಳು ಲ್ಯಾಪ್‌ಟಾಪ್ ತಿರುಗಿಸಿದಳು. ಪರದೆಯ ಮೇಲೆ ಹುಕ್ಕಿನ ಪ್ಲೇಟು ಇತ್ತು. ಅಂಚಿನಲ್ಲಿ ನೀಲಿ, ನಡುವೆ ಹಸಿರು, ಬೋಲ್ಟಿನ ಸುತ್ತ ಕೆಂಪೋ ಕೆಂಪು.

ಡಾಕಪ್ಪ: ಅಬಬಬ! ಅಗದಿ ಚಂದ ಆಗೇತಿ ಬಿಡ್ರಿ. ಹಿಂಗ ಬಣ್ಣ ಹೊಡದು ಕೊಡ್ತೀರೇನು?

ರಾಜಶ್ರೀ: ಇದು ಬಣ್ಣ ಅಲ್ರಿ, ಒತ್ತಡ. ನೀಲಿ ಇದ್ದಲ್ಲೆ ಕಬ್ಬಿಣ ಆರಾಮ ಐತಿ. ಕೆಂಪ ಇದ್ದಲ್ಲೆ ಮುರೀತೈತಿ.

ಡಾಕಪ್ಪ: ಹೌದಲ್ಲ! ಮೊನ್ನೆ ಮುರದ ಪ್ಲೇಟಿಗೆ ನಾ ಕೆಂಪ ಬಣ್ಣಾನ ಹೊಡದಿದ್ನಿ! ನನಗ ಯಾರೂ ಹೇಳಲಿಲ್ಲ ನೋಡ್ರಿ.

ರಾಜಶ್ರೀ: ಅಯ್ಯೋ, ಹಂಗಲ್ರಿ...

ಡಾಕಪ್ಪ: ಮೇಡಮ್ಮಾರ, ಹೊಸದಕ್ಕ ಪೂರಾ ನೀಲಿ ಹೊಡದು ಬಿಡ್ರಿ. ಮಾತು ಮುಗೀತು.

ಉಳವಪ್ಪ: ನೋಡಿದ್ಯಾ ರಾಜಶ್ರೀ? ನನ್ನ ಲೆಕ್ಕ ತಿಳದವರು ಫಿಟ್ಟರ್ ಕಡೆ ಹೋಗ್ತಾರ. ನಿನ್ನ ಲೆಕ್ಕ ತಿಳದವರು ಪೇಂಟರ್ ಕಡೆ ಹೋಗ್ತಾರ.

ರಾಜಶ್ರೀ ವೇಲ್ ಸರಿಪಡಿಸಿಕೊಂಡು ಒಂದು ಕೀಲಿ ಒತ್ತಿದಳು. ಪರದೆಯ ಪ್ಲೇಟು ಜಗ್ಗಿಸಿಕೊಂಡು ಬಾಗಿತು, ಮತ್ತೆ ನೆಟ್ಟಗಾಯಿತು, ಮತ್ತೆ ಬಾಗಿತು.

ಡಾಕಪ್ಪ: ಯಪ್ಪಾ! ಇದೇನ್ರಿ, ಹಂಚಿನ ಮ್ಯಾಲಿನ ರೊಟ್ಟಿಗತೆ ಉಬ್ಬಾಕತ್ತೈತಿ? ಇಂಥಾದ್ದರ ಮ್ಯಾಲ ನನ್ನ ಹೆಂಡ್ತಿನ್ನ ಕೂಡ್ರಸಬೇಕಾ?

ರಾಜಶ್ರೀ: ಖರೇ ಅಷ್ಟು ಬಾಗೂದಿಲ್ರಿ. ಕಣ್ಣಿಗೆ ಕಾಣಲಿ ಅಂತ ಐನೂರು ಪಟ್ಟು ಹೆಚ್ಚು ಮಾಡಿ ತೋರಸತೈತಿ.

ಡಾಕಪ್ಪ: ಐನೂರು ಪಟ್ಟು? ನಮ್ಮ ಧರ್ಮಿ ಎರಡು ಮೂರು ಪಟ್ಟು ಹೆಚ್ಚು ಮಾಡಿ ಹೇಳಿದ್ರ ನಾ ಜಗಳಾ ತಗೀತೇನ್ರಿ.

ಹೊರಗೆ ಕೊಯ್ತಾದ ಸದ್ದು ಒಂದು ಕ್ಷಣ ನಿಂತು, ಮೊದಲಿಗಿಂತ ಜೋರಾಗಿ ಶುರುವಾಯಿತು. ಡಾಕಪ್ಪ ದನಿ ತಗ್ಗಿಸಿದ.

ಉಳವಪ್ಪ: ಆ ಪ್ಲೇಟಿನ ಮ್ಯಾಲ ಅದೇನು ಜಾಳಿಗಿ? ಮೀನಾ ಹಿಡಿಯಾಕ?

ರಾಜಶ್ರೀ: ಅದ ಫಿನೈಟ್ ಎಲಿಮೆಂಟ್ರಿ, ಮಾವಾರ. ಇಡೀ ಪ್ಲೇಟಿಗೆ ಒಮ್ಮೆಲೆ ಲೆಕ್ಕ ಮಾಡಾಕ ಬರೂದಿಲ್ಲಂತ ಎರಡು ಲಕ್ಷ ಸಣ್ಣ ಸಣ್ಣ ತುಂಡು ಮಾಡಿ, ಒಂದೊಂದಕ್ಕೂ ಬ್ಯಾರೆ ಲೆಕ್ಕ ಮಾಡಿ ಕೂಡಸತೈತಿ.

ಡಾಕಪ್ಪ: ಎರಡು ಲಕ್ಷ ತುಂಡಾ? ಮೊನ್ನೆ ಬರೇ ಎರಡು ತುಂಡಾಗಿದ್ದಕ್ಕ ನಾ ಇಲ್ಲಿತನಾ ಓಡಿ ಬಂದೇನ್ರಿ!

ಉಳವಪ್ಪ: ನಾ ಬಂದವರ ಸಾಮಾನು ಜೋಡಸ್ತೇನಿ. ನನ್ನ ಸೊಸಿ ತುಂಡು ಮಾಡ್ತಾಳ. ಒಂದ ಬೋರ್ಡಿನ ಕೆಳಗ ಎರಡು ಧಂದೆ.

ರಾಜಶ್ರೀ: ನಗಬ್ಯಾಡ್ರಿ ಮಾವಾರ. ಕೆಳಗಿನ ಎರಡು ಬೋಲ್ಟಿನ ಮ್ಯಾಲ ತಡಕೊಳ್ಳೂದಕ್ಕಿಂತ ನಾಕು ಪಟ್ಟು ಜಗ್ಗಾಟ ಬೀಳಾಕತ್ತೈತಿ. ಟ್ರೇಲರ್ ಹೊಲದಿಂದ ರಸ್ತಾಕ್ಕ ಹತ್ತೂದ್ರೊಳಗ ಹರಕೊಂಡು ಬೀಳ್ತಾವ.

ಉಳವಪ್ಪನವರ ನಗು ನಿಂತಿತು. ಮೂವತ್ತೊಂದು ವರ್ಷ ಒಂದೂ ಮುರಿಯದ ಬೋಲ್ಟು ಸೊಸೆಯ ಪರದೆಯ ಮೇಲೆ, ಗಿರಾಕಿಯ ಎದುರಿಗೆ ಮುರಿದಿತ್ತು. ಅವರು ಎದ್ದು ಹೋಗಿ, ಮೂಲೆಯ ಡಬ್ಬಿಯಿಂದ ಒಂದು ಬೋಲ್ಟು ತೆಗೆದುಕೊಂಡು ಬಂದು ಮೇಜಿನ ಮೇಲೆ ಕುಕ್ಕಿದರು. ಚಹಾದ ಗ್ಲಾಸುಗಳು ಜಿಗಿದವು.

ಉಳವಪ್ಪ: ಇದು ಹರಕೊಂಡು ಬೀಳತೈತಾ? ಇದು? ಇದನ್ನ ಎತ್ತಿ ನೋಡು ಮೊದ್ಲ!

ರಾಜಶ್ರೀ ಬೋಲ್ಟನ್ನು ನೋಡಿದಳು. ಪರದೆಯನ್ನು ನೋಡಿದಳು. ಮತ್ತೆ ಬೋಲ್ಟನ್ನು ನೋಡಿದಳು.

ರಾಜಶ್ರೀ: ಮಾವಾರ... ಇದು ಯಾವ ಬೋಲ್ಟ್ರಿ?

ಉಳವಪ್ಪ: ಆರರ ಬೋಲ್ಟು. ಚೀಟ್ಯಾಗ ಬರದು ಕೊಟ್ಟೇನಲ್ಲ, ‘ಬೋಲ್ಟು ಆರು, ಎಣಿಕಿ ನಾಕು’ ಅಂತ.

ರಾಜಶ್ರೀ: ಆರು ಅಂದ್ರ ಇಷ್ಟು ದಪ್ಪ ಇರತೈತ್ರಿ?

ಉಳವಪ್ಪ: ಮತ್ತೆಷ್ಟು? ಆರು ಸೂತ.

ರಾಜಶ್ರೀ ಮೇಜಿನ ಮೇಲಿದ್ದ ಪೆನ್ಸಿಲನ್ನು ಎತ್ತಿ ಹಿಡಿದಳು.

ರಾಜಶ್ರೀ: ನಾ ಹಾಕಿದ್ದು ಇದಕ್ಕಿಂತಾ ಸಪೂರ್ರಿ. ಆರು ಮಿಲಿಮೀಟರ್.

ಯಾರಿಗಾದರೂ ಗೊತ್ತಿಲ್ಲದಿದ್ದರೆ ಹೇಳುತ್ತೇನೆ: ನಮ್ಮ ಕಡೆಯ ವರ್ಕ್‌ಶಾಪುಗಳಲ್ಲಿ ಇಂಚಿಗೆ ಎಂಟು ಸೂತ. ಆರು ಸೂತವೆಂದರೆ ಮುಕ್ಕಾಲು ಇಂಚು, ಹತ್ತಿರ ಹತ್ತಿರ ಹತ್ತೊಂಬತ್ತು ಮಿಲಿಮೀಟರ್. ‘ಸೂತ’ ಎಂದು ಯಾರೂ ಬರೆಯುವುದಿಲ್ಲ, ಏಕೆಂದರೆ ಅದು ಎಲ್ಲರಿಗೂ ಗೊತ್ತು. ಎಂ.ಟೆಕ್ ಮಾಡಿದವರು ಆ ಎಲ್ಲರಲ್ಲಿ ಬರುವುದಿಲ್ಲ.

ಡಾಕಪ್ಪ: ಮೇಡಮ್ಮಾರ, ನಮ್ಮ ಹತ್ತು ಟನ್ ಕಬ್ಬು ಪೆನ್ಸಿಲಿಗೆ ಕಟ್ಟಿದ್ರಾ?

ಉಳವಪ್ಪ: ಎರಡು ಲಕ್ಷ ತುಂಡು ಎಣಿಸಿದ್ದಿ. ಟ್ರೇಲರಿಗೆ ಪೆನ್ಸಿಲ್ ಗಾತ್ರದ ಬೋಲ್ಟು ಹಾಕೂದು ನಿನಗ ಸಣ್ಣದು ಅನಿಸಲಿಲ್ಲ?

ರಾಜಶ್ರೀ: ಅನಿಸ್ತರಿ. ಅನಿಸಲಾರದೇನ್ರಿ? ಆದ್ರ ನೀವು ಬರದು ಕೊಟ್ಟಿದ್ದಕ್ಕ ಹೆಂಗ ತಪ್ಪು ಅನ್ನೂದು ಅಂತ ಸುಮ್ಮನ ಹಾಕಿದೆ.

ಉಳವಪ್ಪ: ಮುಂಜಾನಿಂದ ‘ನೀವು ಹೇಳೂದು ತಪ್ಪು, ನೀವು ಹೇಳೂದು ತಪ್ಪು’ ಅಂತ ಹೇಳಾಕತ್ತಿ. ಅದೊಂದು ಹೇಳಾಕ ಮರ್ಯಾದಿ ಅಡ್ಡ ಬಂತಾ?

ರಾಜಶ್ರೀ: ನಿಮ್ಮ ಉತ್ತರಕ್ಕ ಎದುರು ಹೇಳಬಹುದ್ರಿ ಮಾವಾರ. ನಿಮ್ಮ ಅಕ್ಷರಕ್ಕ ಎದುರು ಹೇಳೂದು ಚಲೋ ಅಲ್ಲ.

ಉಳವಪ್ಪನವರಿಗೆ ಸಿಟ್ಟಾಗಬೇಕೋ ಸಂತೋಷವಾಗಬೇಕೋ ತಿಳಿಯಲಿಲ್ಲ. ಕೊನೆಗೆ ಸಂತೋಷವನ್ನೇ ಆರಿಸಿಕೊಂಡು, ಎಲ್ಲರಿಗೂ ಇನ್ನೊಂದು ಸುತ್ತು ಚಹಾ ಹೇಳಿದರು. ರಾಜಶ್ರೀ ಬೋಲ್ಟಿನ ಗಾತ್ರ ತಿದ್ದಿ ಲೆಕ್ಕಕ್ಕೆ ಹಚ್ಚಿದಳು. ಲ್ಯಾಪ್‌ಟಾಪಿನ ಫ್ಯಾನು ಏರು ಹತ್ತುವ ಟ್ರ್ಯಾಕ್ಟರಿನಂತೆ ಕೂಗತೊಡಗಿತು. ನನ್ನ ಗೇಟಿನ ಸುದ್ದಿ ಎತ್ತಲು ಇದೇ ಒಳ್ಳೆಯ ಸಮಯ ಎಂದುಕೊಂಡು ಬಾಯಿ ತೆರೆದೆ.

ರಾಜಶ್ರೀ: ಬಂತ್ರಿ!

ನಾನು ಬಾಯಿ ಮುಚ್ಚಿದೆ.

ಡಾಕಪ್ಪ: ಕೆಂಪ ಹೋತು, ಹಸಿರ ಬಂತು! ಫೋರ್ಮನ್ ಸಾಹೇಬ್ರು ಗೆದ್ದ್ರು!

ಉಳವಪ್ಪ: ನಾ ಹೇಳಲಿಲ್ಲಾ? ಅಂಜಿಕಿ ಐದು.

ರಾಜಶ್ರೀ: ಎರಡೂವರಿರಿ, ಮಾವಾರ.

ಉಳವಪ್ಪ: ಉಳದ ಎರಡೂವರಿ ಎಲ್ಲಿ ಹೋತು?

ರಾಜಶ್ರೀ: ನೀವು ನಾಕೂ ಬೋಲ್ಟು ಸಮಾ ಸಮಾ ಜಗ್ಗತಾವ ಅಂತ ಹಿಡದೀರಿ. ಹುಕ್ಕು ಪ್ಲೇಟಿನ ಕೆಳಗಿನ ತುದಿಗೆ ಐತಿ. ಅದಕ್ಕ ಎಲ್ಲಾ ಭಾರ ಕೆಳಗಿನ ಎರಡರ ಮ್ಯಾಲ. ಮದಿವಿ ಮನ್ಯಾಗ ಸಾರಿನ ಹಂಡೆ ನಾಕು ಮಂದಿ ಎತ್ತತಾರಲ್ರಿ? ಇಬ್ಬರು ಹೊರತಾರ, ಇಬ್ಬರು ಕೈ ಹಚ್ಚಿ ಜೋಡಿ ನಡೀತಾರ.

ಉಳವಪ್ಪ: ನನ್ನ ಬೋಲ್ಟು ಹಂಗ ಮೈಗಳ್ಳತನಾ ಮಾಡೂದಿಲ್ಲ.

ರಾಜಶ್ರೀ: ಬೋಲ್ಟಿನ ತಪ್ಪಲ್ರಿ, ಮ್ಯಾಲಿನ ಎರಡಕ್ಕ ಕೆಲಸಾನ ಸಿಗೂದಿಲ್ಲ.

ಉಳವಪ್ಪ: ಇರಲಿ. ಎರಡೂವರಿ ಅಂದ್ರೂ ಕಡಿಮಿ ಅಲ್ಲ. ಹತ್ತು ಟನ್ನಿನ ಟ್ರೇಲರಿಗೆ...

ಡಾಕಪ್ಪ: ಇಪ್ಪತ್ತು ಅನ್ರಿ.

ಇಬ್ಬರೂ ಒಮ್ಮೆಲೇ ಅವನತ್ತ ತಿರುಗಿದರು.

ಉಳವಪ್ಪ: ಮುಂಜಾನಿ ಕೇಳಿದಾಗ ಟ್ರೇಲರ್ ಹತ್ತು ಟನ್ ಹೊರತೈತಿ ಅಂದ್ಯಲ್ಲೋ!

ಡಾಕಪ್ಪ: ಹೌದ್ರಿ. ಒಂದು ಟ್ರೇಲರ್ ಹತ್ತು. ಹಿಂದ ಇನ್ನೊಂದು ಐತಲ್ರಿ. ನೀವು ಒಂದರದು ಕೇಳಿದ್ರಿ, ನಾ ಒಂದರದು ಹೇಳಿದ್ನಿ. ಕೇಳಿದ್ದಕ್ಕಿಂತ ಹೆಚ್ಚು ಮಾತಾಡೂದು ನನ್ನ ಸ್ವಭಾವ ಅಲ್ರಿ.

ರಾಜಶ್ರೀ: ಎರಡೂ ಟ್ರೇಲರ್ ಈ ಒಂದ ಹುಕ್ಕಿಗೆ ಜಗ್ಗತಾವೇನ್ರಿ?

ಡಾಕಪ್ಪ: ಎರಡೂ. ಎರಡನೇದು ಏನ್ ತಾನ ನಡಕೋತ ಬರತೈತಾ?

ರಾಜಶ್ರೀಯ ಬೆರಳುಗಳು ಓಡಿದವು. ಉಳವಪ್ಪನವರ ಪೆನ್ಸಿಲು ಲಗ್ನಪತ್ರದ ಮೇಲೆ ಓಡಿತು. ಅವರು ಎಂಟು ಟನ್ನಿನ ಜಗ್ಗಾಟ ಬರೆದು, ಸೊಸೆ ಹೇಳಿದಂತೆ ಎರಡೇ ಬೋಲ್ಟು ಹಿಡಿದು ಭಾಗಿಸಿದರು. ಆ ದಿನ ಮೊದಲ ಸಲ ಇಬ್ಬರ ಉತ್ತರವೂ ಒಂದೇ ಬಂತು.

ಇಬ್ಬರೂ: ಒಂದೂಕಾಲು.

ಇಲ್ಲಿ ಒಂದು ಗುಟ್ಟು ಹೇಳಬೇಕು. ಪ್ಲೇಟಿನಲ್ಲಿ ನಾಲ್ಕು ತೂತು ಬೆಳಿಗ್ಗೆಯೇ ಕೊರೆದಾಗಿತ್ತು. ಉಳವಪ್ಪನವರ ಪದ್ಧತಿಯಲ್ಲಿ ತೂತು ಮೊದಲು, ಲೆಕ್ಕ ಆಮೇಲೆ. ರಾಜಶ್ರೀಯೂ ಆ ತೂತುಗಳ ಜಾಗವನ್ನು ಮಾವನ ಚೀಟಿಯಿಂದಲೇ ತೆಗೆದುಕೊಂಡು ಚಿತ್ರ ಬರೆದಿದ್ದಳು. ಈಗ ತಿದ್ದಬೇಕೆಂದರೆ ಇಡೀ ಪ್ಲೇಟು ಬದಲಾಯಿಸಬೇಕು, ಗಿರಾಕಿಯ ಎದುರಿಗೆ ಇಬ್ಬರೂ ತಪ್ಪೊಪ್ಪಿಕೊಳ್ಳಬೇಕು. ಎರಡನೆಯದು ಹೆಚ್ಚು ಕಷ್ಟದ ಕೆಲಸ.

ಡಾಕಪ್ಪ: ಒಂದೂಕಾಲು ಅಂದ್ರ ಪಾಸೋ ನಾಪಾಸೋ?

ರಾಜಶ್ರೀ: ಒಂದಕ್ಕಿಂತ ಮ್ಯಾಲ ಐತ್ರಿ. ಕಂಪ್ಯೂಟರ್ ಹಸಿರ ತೋರಸತೈತಿ.

ಉಳವಪ್ಪ: ಪಾಸಾದಂಗ ಆತು.

ರಾಜಶ್ರೀ: ಅಂಜಿಕಿ ಸ್ವಲ್ಪ ಕಡಿಮಿ ಐತಿ. ಆದ್ರ ಮಾವಾರಿಗೆ ಮೂವತ್ತೊಂದು ವರ್ಷದ ಅನುಭವ ಐತ್ರಿ. ಅವರು ನಾಕು ಅಂದ್ರ ನಾಕು.

ಉಳವಪ್ಪ: ನನ್ನ ಅನುಭವ ಹಳೇದವಾ. ಆಗ ನಮಗ ಗೊತ್ತಾಗ್ತಿದ್ದಿಲ್ಲ ಅಂತ ಅಷ್ಟು ಅಂಜತಿದ್ವಿ. ಈಗ ನಿನ್ನ ಕಂಪ್ಯೂಟರ್ ಎರಡು ಲಕ್ಷ ತುಂಡು ಮಾಡಿ ನೋಡೇತಿ. ಅಂಜಿಕಿ ಯಾಕ ಬೇಕು?

ರಾಜಶ್ರೀ: ನಿಮ್ಮ ಕೈಲೆಕ್ಕಾನೂ ಅದನ್ನ ಹೇಳೇತ್ರಿ.

ಉಳವಪ್ಪ: ನಿನ್ನ ಕಂಪ್ಯೂಟರ್ ಹೇಳಿದ ಮ್ಯಾಲ ನನ್ನ ಕೈಲೆಕ್ಕದ್ದೇನು ನಡೀತೈತಿ!

ಬೆಳಗಿನಿಂದ ಒಬ್ಬರ ಲೆಕ್ಕವನ್ನು ಇನ್ನೊಬ್ಬರು ನಂಬಿರಲಿಲ್ಲ. ಈಗ ಇಬ್ಬರೂ ತಮ್ಮ ಲೆಕ್ಕ ಬಿಟ್ಟು ಇನ್ನೊಬ್ಬರದನ್ನು ನಂಬತೊಡಗಿದ್ದರು. ಇಷ್ಟು ಸೊಗಸಾದ ಮಾವ ಸೊಸೆಯ ಒಗ್ಗಟ್ಟನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಂಡು ನನಗೆ ಹೆದರಿಕೆಯಾಯಿತು.

ಡಾಕಪ್ಪ: ಎಷ್ಟು ಚಂದ ಒಂದಾದ್ರಿ! ಹಂಗಾದ್ರ ಪಾನಾ ಹಿಡೀರಿ, ಬೋಲ್ಟು ಬಿಗೀರಿ.

ಆಗ ನಮಗೆ ತಿಳಿಯಿತು, ಹೊರಗೆ ಕೊಯ್ತಾದ ಸದ್ದು ನಿಂತು ಬಹಳ ಹೊತ್ತಾ‌ಗಿತ್ತು. ಧರ್ಮಿಬಾಯಿ ಬಾಗಿಲಲ್ಲಿ ನಿಂತಿದ್ದಳು. ಮಸೆದ ಕೊಯ್ತಾ ಕೈಯಲ್ಲೇ ಇತ್ತು. ಕಾಲಿಗೆ ಮೊನ್ನೆಯ ಗಾಯದ ಪಟ್ಟಿ.

ಧರ್ಮಿಬಾಯಿ: ಅಣ್ಣಾರ, ಲೆಕ್ಕ ಮುಗೀತೇನ್ರಿ?

ಉಳವಪ್ಪ: ಮುಗೀತವಾ. ನಾಕು ಬೋಲ್ಟು ಸಾಕು.

ಧರ್ಮಿಬಾಯಿ: ತಂಗಿ, ನಿಂದು?

ರಾಜಶ್ರೀ: ಸಾಕ್ರಿ ಅಕ್ಕಾರ. ಹಸಿರ ಬಂದೈತಿ.

ಧರ್ಮಿಬಾಯಿ: ಚಲೋ ಆತು. ನಾಳೆ ಮುಂಜಾನಿ ಆರಕ್ಕ ಇಬ್ಬರೂ ಹೊಲಕ್ಕ ಬರ್ರಿ. ಕಬ್ಬು ತುಂಬಿದ ಮ್ಯಾಲ ನೀವಿಬ್ಬರು ಟ್ರೇಲರಿನ ಮ್ಯಾಲ ಕುಂದ್ರ್ರಿ. ನಾ ಟ್ರ್ಯಾಕ್ಟರಿನ್ಯಾಗ ಕುಂತು ಬರ್ತೇನಿ.

ಉಳವಪ್ಪ: ನಾವಾ?

ಧರ್ಮಿಬಾಯಿ: ಯಾಕ, ಸಾಕು ಅಂದ್ರೆಲ್ಲಾ?

ಉಳವಪ್ಪ: ಸಾಕವಾ, ಸಾಕು. ಆದ್ರ ನನಗ ಮೊಣಕಾಲು ಬ್ಯಾನಿ. ಮ್ಯಾಲ ಹತ್ತಾಕ ಆಗೂದಿಲ್ಲ.

ಧರ್ಮಿಬಾಯಿ: ಏಣಿ ಐತ್ರಿ. ಹಿಂದಿಂದ ನಾ ನೂಕತೇನಿ.

ರಾಜಶ್ರೀ: ನಾಳೆ ಸೋಮವಾರ್ರಿ ಅಕ್ಕಾರ. ನನಗ ಉಪವಾಸ.

ಧರ್ಮಿಬಾಯಿ: ಉಪವಾಸ ಇದ್ರ ಹಗೂರ ಇರ್ತಿ ತಂಗಿ. ಬೋಲ್ಟಿಗೂ ಚಲೋ.

ಡಾಕಪ್ಪ: ಧರ್ಮಿ, ದೊಡ್ಡವರ ಮುಂದ ಹಂಗೆಲ್ಲಾ...

ಧರ್ಮಿಬಾಯಿ: ನೀ ಸುಮ್ಮನಿರು. ಕೇಳಿದ್ದಕ್ಕಿಂತ ಹೆಚ್ಚು ಮಾತಾಡೂದು ನಿನ್ನ ಸ್ವಭಾವ ಅಲ್ಲಂತಲ್ಲಾ.

ಅವಳು ಕೊಯ್ತಾವನ್ನು ಮೇಜಿನ ಮೇಲೆ, ಲಗ್ನಪತ್ರಕ್ಕೂ ಲ್ಯಾಪ್‌ಟಾಪಿಗೂ ನಡುವೆ ಇಟ್ಟಳು.

ಧರ್ಮಿಬಾಯಿ: ಮೊನ್ನೆ ನನ್ನ ಉಳಿಸಿದ್ದು ಒಂದು ತಿಪ್ಪಿ. ಅದನ್ನ ಯಾರೂ ಲೆಕ್ಕ ಮಾಡಿ ಅಲ್ಲಿ ಇಟ್ಟಿದ್ದಿಲ್ಲ. ಇಲ್ಲಿ ಲೆಕ್ಕ ಮಾಡೋರು ಇಬ್ಬರು ಅದಾರ ಅಂತ ಬಂದ್ವಿ. ಅಣ್ಣಾರ, ನೀವು ಹೇಳಿದ್ದು ಹೊರಗ ಕುಂತು ಕೇಳೇನಿ. ಸಾಮಾನಿಗೆ ಅಂಜಿಕಿ ಮೂರು, ಮನಷ್ಯಾ ಕುಂತ್ರ ಐದು. ನನಗ ಒಂದೂಕಾಲು ಹಾಕಿ ಕಳಸಾಕತ್ತೀರಿ. ನಾ ಸಾಮಾನಿಗಿಂತಾ ಕಡಿಮಿ ಆದ್ನಾ?

ಉಳವಪ್ಪನವರು ಆ ಬೋಲ್ಟನ್ನು ಕೈಯಲ್ಲಿ ತಿರುಗಿಸುತ್ತ ನಿಂತರು. ಅವರಿಗೆ ನಾಚಿಕೆಯಾಗಿತ್ತು. ಮುಚ್ಚಿಡಲು ಪ್ರಯತ್ನಿಸಲಿಲ್ಲ, ಅದಕ್ಕಾಗಿ ನನಗೆ ಅವರ ಮೇಲೆ ಪ್ರೀತಿ ಹುಟ್ಟಿತು. ರಾಜಶ್ರೀ ವೇಲಿಗೆ ಕೈ ಹಾಕಿ, ಸರಿಪಡಿಸದೆ ಹಾಗೇ ಬಿಟ್ಟಳು.

ಉಳವಪ್ಪ: ರಾಜಶ್ರೀ, ಇನ್ನೆರಡು ಬೋಲ್ಟು ಹಿಡಸ್ತಾವೇನು ನೋಡು.

ರಾಜಶ್ರೀ: ಎರಡಲ್ರಿ ಮಾವಾರ, ಇನ್ನೂ ನಾಕು. ಪ್ಲೇಟು ಕೆಳಗ ಉದ್ದ ಮಾಡೂಣು. ಹುಕ್ಕು ನಟ್ಟನಡುವ ಬರಬೇಕು. ಮ್ಯಾಲ ನಾಕು, ಕೆಳಗ ನಾಕು. ಆಗ ಯಾವುದೂ ಬರೇ ಕೈ ಹಚ್ಚಿ ನಡಿಯೂದಿಲ್ಲ.

ಉಳವಪ್ಪ: ಎಂಟೂ ಹೊರತಾವ. ಎಂಟೈದಲೆ ನಲವತ್ತು. ಜಗ್ಗಾಟ ಎಂಟು. ಅಂಜಿಕಿ...

ರಾಜಶ್ರೀ: ಐದ್ರಿ! ಕಂಪ್ಯೂಟರಿನ್ಯಾಗೂ ಐದ ಬಂತು!

ಉಳವಪ್ಪ: ದಪ್ಪ ಪ್ಲೇಟು ಎಲ್ಲೈತಿ?

ರಾಜಶ್ರೀ: ಒಂದ ಐತ್ರಿ. ಇವರ ಗೇಟಿಗೆ ಅಂತ ತಗದಿಟ್ಟದ್ದು.

ಎಲ್ಲರೂ ನನ್ನನ್ನು ನೋಡಿದರು. ನಾನು ಅಲ್ಲಿ ಇದ್ದೇನೆ ಎಂಬುದು ಆ ದಿನ ಅವರಿಗೆ ಮೊದಲ ಸಲ ನೆನಪಾದದ್ದು ಹೀಗೆ. ನಾನು ಕೊಯ್ತಾದ ಕಡೆ ಒಮ್ಮೆ ನೋಡಿ, ಗೇಟಿಗೇನೂ ಅವಸರವಿಲ್ಲ ಎಂದೆ. ನಮ್ಮ ಮನೆಯ ಗೇಟಿನ ಮೇಲೆ ಯಾರೂ ಕೂರುವುದಿಲ್ಲ.

ಸಂಜೆ ಐದರ ಹೊತ್ತಿಗೆ ಹೊಸ ಪ್ಲೇಟು ಕೂತಿತು. ರಾಜಶ್ರೀ ತೂತಿನ ಗುರುತು ಹಾಕಿದಳು, ಉಳವಪ್ಪನವರು ಕೊರೆದರು. ಆ ವರ್ಕ್‌ಶಾಪಿನಲ್ಲಿ ಲೆಕ್ಕ ಮೊದಲು, ತೂತು ಆಮೇಲೆ ಆದದ್ದು ಬಹುಶಃ ಅದೇ ಮೊದಲು. ಎಂಟನೆಯ ಬೋಲ್ಟನ್ನು ಪಾನಾದಿಂದ ಬಿಗಿದು ಎದ್ದ ಉಳವಪ್ಪನವರು ಬೆವರು ಒರೆಸಿಕೊಂಡರು.

ಉಳವಪ್ಪ: ಧರ್ಮಿಬಾಯಿ, ನಾಳೆ ಆರಕ್ಕ ನಾ ಬರ್ತೇನವಾ. ಮೊಣಕಾಲು ಹೋದ್ರ ಹೋಗ್ಲಿ, ಇದರ ಮ್ಯಾಲ ಕುಂದ್ರತೇನಿ.

ರಾಜಶ್ರೀ: ನಾನೂ ಬರ್ತೇನ್ರಿ. ಬಾಳೆಹಣ್ಣು ತಿಂದು ಬರ್ತೇನಿ.

ಡಾಕಪ್ಪನಿಗೆ ಟ್ರೇಲರು ಸಿಕ್ಕ ಸಂತೋಷಕ್ಕಿಂತ, ಪಂದ್ಯ ಯಾರು ಗೆದ್ದರೆಂದು ತಿಳಿಯದ ಕೊರಗು ದೊಡ್ಡದಾಗಿತ್ತು.

ಡಾಕಪ್ಪ: ಅದೆಲ್ಲಾ ಇರಲಿ. ಕಡೀಕ ಯಾರ ಲೆಕ್ಕ ಗೆದ್ದಂಗ ಆತ್ರಿ? ಕೈದೋ, ಕಂಪ್ಯೂಟರಿಂದೋ?

ಉಳವಪ್ಪನವರು ಸೊಸೆಯತ್ತ ನೋಡಿದರು. ಸೊಸೆ ಮಾವನತ್ತ ನೋಡಿದಳು. ಧರ್ಮಿಬಾಯಿ ಕೊಯ್ತಾ ಕಂಕುಳಲ್ಲಿ ಇಟ್ಟುಕೊಂಡು, ಎಡಗೈ ಬೆರಳುಗಳನ್ನು ಒಂದೊಂದಾಗಿ ಮಡಚತೊಡಗಿದಳು.

ಧರ್ಮಿಬಾಯಿ: ಕೈಲೆಕ್ಕಾನ ಗೆದ್ದೈತಿ. ನೋಡ್ರಿ, ನನ್ನ ಜೀವಕ್ಕ ಸಾಕು ಅಂದದ್ದು ನಾಕು. ಇವರಿಬ್ಬರು ಮ್ಯಾಲ ಕುಂದ್ರಬೇಕು ಅಂದಕೂಡ್ಲೆ ಹುಟ್ಟಿದ್ದು ನಾಕು. ಕೂಡಿ ಎಂಟು.